ದಂಡೆಯ ಮರ್ಯಾದೆ: ಹೊಸದಾಗಿ ದೋಣಿ ಕೊಂಡವರು ತಿಳಿದಿರಬೇಕಾದದ್ದು

(ಗುಡ್ಡಗಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿದ ಉಪನ್ಯಾಸದ ಪಠ್ಯ)



ಯಾದಗಿರಿಯ ಗುಡ್ಡಸಾಲಿನ ನಡುವೆ ಹರಿಯುವ ಹಳ್ಳಕ್ಕೆ ಅಡ್ಡಕಟ್ಟಿ ನಿರ್ಮಿಸಿದ ಹತ್ತಿಕುಣಿ ಜಲಾಶಯವು ಒಂದು ಮಧ್ಯಮ ನೀರಾವರಿ ಯೋಜನೆ. ಕೆಳಗಿನ ಹೊಲಗಳಿಗೆ ನೀರುಣಿಸುವುದು ಅದರ ಮೊದಲ ಉದ್ದೇಶ. ಆದರೆ ನೀರು ನಿಂತ ಕಡೆ ಮೀನು ಬೆಳೆಯುತ್ತದೆ. ಮೀನು ಬೆಳೆದ ಕಡೆ ಬಲೆ ಬರುತ್ತದೆ. ಬಲೆಯ ಹಿಂದೆ ತೆಪ್ಪ ಬರುತ್ತದೆ. ತೆಪ್ಪ ಕಂಡ ಮೇಲೆ ರಜೆಯ ದಿನ ಬಂದವರಿಗೂ ಒಮ್ಮೆ ನೀರಿನ ಮೇಲೆ ಹೋಗಿ ಬರುವ ಆಸೆ ಹುಟ್ಟುತ್ತದೆ. ಹತ್ತಿಕುಣಿಯಲ್ಲಿ ಮಾತ್ರವಲ್ಲ, ಗುಡ್ಡದ ನೀರು ನಿಲ್ಲುವ ಎಲ್ಲ ಕೆರೆ-ಜಲಾಶಯಗಳಲ್ಲಿಯೂ, ಕೃಷ್ಣಾ ಮತ್ತು ಭೀಮಾ ನದಿಗಳ ದಂಡೆಗಳಲ್ಲಿಯೂ ಇದು ಹೀಗೆಯೇ ನಡೆಯುತ್ತದೆ.

ಹಿಂದೆ ತೆಪ್ಪವನ್ನು ಕೊಳ್ಳುತ್ತಿರಲಿಲ್ಲ, ಕಟ್ಟುತ್ತಿದ್ದರು. ಬಿದಿರು ಸೀಳಿ, ಹೆಣೆದು, ಮೇಲೆ ತೊಗಲು ಹೊದಿಸುವ ಕೆಲಸವನ್ನು ತಂದೆಯಿಂದ ಮಗ ಕಲಿಯುತ್ತಿದ್ದ. ಅದನ್ನು ಕಲಿಯುವಷ್ಟರಲ್ಲಿ ನೀರಿನ ಗುಣವನ್ನೂ ದಂಡೆಯ ನಡವಳಿಕೆಯನ್ನೂ ಅವನು ಕಲಿತಿರುತ್ತಿದ್ದ. ಮುಂದೆ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದವು. ಈಗ ಫೈಬರ್‌ಗ್ಲಾಸ್ ಹರಿಗೋಲು ಬಂದಿದೆ. ಮೀನುಗಾರಿಕೆ ಇಲಾಖೆಯ ನೆರವಿನಿಂದ ಅದು ಒಳನಾಡಿನ ಮೀನುಗಾರರ ಕೈಸೇರುತ್ತಿದೆ; ಹಣವಿದ್ದವರು ಅಂಗಡಿಯಿಂದಲೂ ತರುತ್ತಾರೆ. ಇದರಿಂದ ಒಳ್ಳೆಯದಾಗಿದೆ. ಫೈಬರ್ ಹರಿಗೋಲು ಹಗುರ, ಬಾಳಿಕೆ ಹೆಚ್ಚು. ಆದರೆ ಅದರೊಡನೆ ಒಂದು ಕೊರತೆಯೂ ಬಂದಿದೆ. ತೆಪ್ಪ ಒಂದೇ ದಿನದಲ್ಲಿ ಮನೆಗೆ ಬರುತ್ತದೆ; ತೆಪ್ಪದ ನಡವಳಿಕೆ ಒಂದೇ ದಿನದಲ್ಲಿ ಬರುವುದಿಲ್ಲ. ದೋಣಿಯನ್ನು ಕೊಂಡವನು ದಂಡೆಯನ್ನು ಕೊಂಡಿರುವುದಿಲ್ಲ. ಇಂದಿನ ಉಪನ್ಯಾಸದ ಸಾರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಹರಿಗೋಲಿನ ಹಳೆಯ ನಾಡು

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ತುಂಗಭದ್ರೆಯನ್ನು ದಾಟಿಸುತ್ತಿದ್ದ ಬುಟ್ಟಿಯಂಥ ದುಂಡು ದೋಣಿಗಳನ್ನು ವರ್ಣಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನರನ್ನು ಒಯ್ಯಬಲ್ಲವು. ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸಬಲ್ಲವು. ನೇರವಾಗಿ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂದು ಆತ ದಾಖಲಿಸಿದ್ದಾನೆ. ಐನೂರು ವರ್ಷ ಕಳೆದರೂ ಈ ವರ್ಣನೆಯ ಬಹುಪಾಲು ಬದಲಾಗಿಲ್ಲ.

ಹನ್ನೆರಡನೆಯ ಶತಮಾನದ ಶರಣರಲ್ಲಿ ನಿಷ್ಠುರ ನುಡಿಗೆ ಹೆಸರಾದ ಅಂಬಿಗರ ಚೌಡಯ್ಯನ ಕಾಯಕ ದೋಣಿ ನಡೆಸುವುದೇ ಆಗಿತ್ತು. ಅಂಬಿಗ, ಗಂಗಾಮತ, ಕಬ್ಬಲಿಗ, ಕೋಲಿ ಎಂಬ ಬೇರೆ ಬೇರೆ ಹೆಸರುಗಳಿಂದ ಗುರುತಿಸಿಕೊಳ್ಳುವ ಸಮುದಾಯಗಳು ಚೌಡಯ್ಯನನ್ನು ತಮ್ಮ ಹಿರಿಯನೆಂದು ಗೌರವಿಸುತ್ತವೆ. ಕಾಯಕವೆಂದರೆ ಕೂಲಿಗಾಗಿ ಮಾಡುವ ಕೆಲಸ ಮಾತ್ರವಲ್ಲ. ಹತ್ತಿದವರ ಪ್ರಾಣಕ್ಕೆ ಹೊಣೆಯಾಗುವುದು. ಹೊಸದಾಗಿ ಹುಟ್ಟು ಹಿಡಿದವನು, ಯಾವ ಜಾತಿಯವನೇ ಆಗಿರಲಿ, ಈ ಹೊಣೆಗೆ ವಾರಸುದಾರನಾಗುತ್ತಾನೆ.

ಇಳಿಸುವ ಮುನ್ನ ಕೇಳುವುದು

ಹೊಸ ಒಡೆಯನ ಮೊದಲ ಕರ್ತವ್ಯ ಕೇಳುವುದು. ಜಲಾಶಯದ ಉಸ್ತುವಾರಿ ನೀರಾವರಿಯವರದು. ಅಣೆಕಟ್ಟಿನ ಏರಿ, ತೂಬು ಮತ್ತು ಕೋಡಿಗಳ ಸಮೀಪ ಹೋಗುವುದಕ್ಕೆ ಅವರ ನಿರ್ಬಂಧಗಳಿರುತ್ತವೆ. ಮೀನು ಹಿಡಿಯುವ ಹಕ್ಕು ಗುತ್ತಿಗೆಯ ಇಲ್ಲವೆ ಪರವಾನಗಿಯ ಮೂಲಕ ದೊರೆಯುವಂಥದು. ಸಣ್ಣ ಕೆರೆಗಳಲ್ಲಿ ಗ್ರಾಮ ಪಂಚಾಯಿತಿಯ ಪಾತ್ರವಿರುತ್ತದೆ. ತೆಪ್ಪವಿದ್ದ ಮಾತ್ರಕ್ಕೆ ಬಲೆ ಹಾಕುವ ಅಧಿಕಾರ ಬರುವುದಿಲ್ಲ. ಕಾಯಿದೆಯ ಮಾತೂ ಇದೆ. 1917ರ ಹಳೆಯ ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆಯು ಯಂತ್ರಚಾಲಿತ ದೋಣಿಗಳಿಗೆ ತಪಾಸಣೆ, ನೋಂದಣಿಗಳನ್ನು ವಿಧಿಸುತ್ತದೆ. ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಅದರಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಆದ್ದರಿಂದ ತೆಪ್ಪಕ್ಕೆ ಎಂಜಿನ್ ಕೂರಿಸುವ ಯೋಚನೆಯುಳ್ಳವರು, ಹಣ ಪಡೆದು ಜನರನ್ನು ಹತ್ತಿಸುವ ಉದ್ದೇಶವುಳ್ಳವರು ಮೊದಲು ಸಂಬಂಧಪಟ್ಟ ಕಚೇರಿಯ ಅನುಮತಿ ಪಡೆಯಬೇಕು.

ಕಚೇರಿಯಲ್ಲಿ ಕೇಳಿದ ಮೇಲೆ ದಂಡೆಯಲ್ಲಿಯೂ ಕೇಳಬೇಕು. ನೀರಿನಡಿಯಲ್ಲಿ ಮುಳುಗಿದ ಹೊಲದ ಬದು ಎಲ್ಲಿದೆ, ಒಣಗಿದ ಮರದ ಬೊಡ್ಡೆ ಎಲ್ಲಿದೆ, ಹೂಳು ಎಲ್ಲಿ ಸೊಂಟದವರೆಗೆ ಎಳೆಯುತ್ತದೆ ಎಂಬುದು ಯಾವ ನಕ್ಷೆಯಲ್ಲಿಯೂ ಇರುವುದಿಲ್ಲ. ದಿನನಿತ್ಯ ಅಲ್ಲಿ ಬಲೆ ಹಾಕುವ ಹಿರಿಯನ ತಲೆಯಲ್ಲಿರುತ್ತದೆ. "ಕಾಕಾ, ಇವತ್ತು ನೀರು ಹ್ಯಾಂಗ ಅದರಿ?" ಎಂದು ಕೇಳುವುದರಿಂದ ಯಾರ ಮಾನವೂ ಹೋಗದು. "ಮಧ್ಯಾಹ್ನಕ್ಕ ಗಾಳಿ ಎದ್ದಾಳ್ತದ, ಅದರೊಳಗ ಬಂದ್ಬಿಡು ತಮ್ಮಾ" ಎಂಬ ಒಂದು ಉತ್ತರ ಜೀವ ಉಳಿಸಬಲ್ಲದು. ಹೀಗೆ ಕೇಳುವುದರಿಂದ ಇನ್ನೊಂದು ಲಾಭವೂ ಇದೆ. ಯಾರು ಎತ್ತ ಹೋದರು, ಯಾವಾಗ ಹಿಂತಿರುಗುತ್ತಾರೆ ಎಂಬುದು ದಂಡೆಯಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ. ಹೊತ್ತು ಮೀರಿದರೆ ಹುಡುಕುವವರಿರುತ್ತಾರೆ.

ದಂಡೆ ಯಾರದು?

ದೋಣಿ ಇಳಿಸಲು ಯೋಗ್ಯವಾದ ಜಾಗ ಪ್ರತಿ ಕೆರೆಯಲ್ಲಿಯೂ ಒಂದೆರಡೇ. ನೀರಿನವರೆಗೆ ಇಳಿಜಾರು ಮೆಲ್ಲಗಿರಬೇಕು, ಕಲ್ಲು ಕಡಿಮೆಯಿರಬೇಕು, ಕೆಸರು ಆಳವಿರಬಾರದು. ಇಂಥದೇ ಜಾಗ ಎಲ್ಲರಿಗೂ ಬೇಕು. ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ ಬೇಕು, ದನ-ಎಮ್ಮೆಗಳಿಗೆ ನೀರು ಕುಡಿಸುವವರಿಗೆ ಬೇಕು, ಕುರಿ ಮೈ ತೊಳೆಯುವವರಿಗೆ ಬೇಕು, ಗಂಗಾಪೂಜೆಗೆ ಬರುವವರಿಗೆ ಬೇಕು. ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ಸಂಕ್ರಾಂತಿಯಂದು ಉತ್ಸವಮೂರ್ತಿಯನ್ನು ಹೊನ್ನಕೆರೆಗೆ ಗಂಗಾಸ್ನಾನಕ್ಕೆ ಕರೆತರುವುದನ್ನು ಈ ಭಾಗದವರೆಲ್ಲ ಬಲ್ಲರು. ಊರೂರಿನ ದೇವರಿಗೂ ಇಂಥದೊಂದು ದಿನವಿರುತ್ತದೆ. ಅಂಥ ದಿನ ತೆಪ್ಪ ಮನೆಯ ಬಳಿ ಬೋರಲಾಗಿ ಮಲಗಿರುವುದೇ ಮರ್ಯಾದೆ.

ದಂಡೆಗೆ ಕೊನೆಯಲ್ಲಿ ಬಂದವನು ದೋಣಿಯವನು. ಕೊನೆಯಲ್ಲಿ ಬಂದವನು ಮೊದಲಿನವರಿಗೆ ದಾರಿ ಬಿಡಬೇಕೆಂಬುದು ಬಾವಿಕಟ್ಟೆಯ ನ್ಯಾಯ. ದಂಡೆಗೂ ಅದೇ ನ್ಯಾಯ. ಇದನ್ನು ಆಚರಣೆಗೆ ತರುವ ಕ್ರಮ ಹೀಗಿದೆ.

ಸಿದ್ಧತೆಯೆಲ್ಲ ದಾರಿಯಿಂದ ದೂರದಲ್ಲಿ ಮುಗಿಯಬೇಕು. ಬಲೆ ಬಿಡಿಸುವುದು, ಹಗ್ಗ ಕಟ್ಟುವುದು, ಬುತ್ತಿ ಇಡುವುದು, ತಳದಲ್ಲಿ ಬಿರುಕಿದೆಯೇ ಎಂದು ನೋಡುವುದು, ಹುಟ್ಟು ಗಟ್ಟಿಯಿದೆಯೇ ಎಂದು ಪರೀಕ್ಷಿಸುವುದು ಇವೆಲ್ಲವೂ ನೀರಂಚಿಗೆ ಬರುವ ಮುನ್ನವೇ ಆಗಬೇಕು. ಇಳಿಜಾರಿನ ನಟ್ಟನಡುವೆ ತೆಪ್ಪ ನಿಲ್ಲಿಸಿ ಗಂಟು ಬಿಚ್ಚುತ್ತ ಕುಳಿತವನು ಹಿಂದಿನ ಹತ್ತು ಜನರ ಹೊತ್ತನ್ನು ಹಾಳುಮಾಡುತ್ತಾನೆ. ಟ್ರ್ಯಾಕ್ಟರಿನಲ್ಲಿಯೋ ಟಂಟಂ ಗಾಡಿಯಲ್ಲಿಯೋ ತೆಪ್ಪ ತಂದವರು ಇಳಿಸಿದ ತಕ್ಷಣ ಗಾಡಿಯನ್ನು ಮೇಲಕ್ಕೆ ಒಯ್ಯಬೇಕು. ಗಾಡಿಯ ಗಾಲಿಯನ್ನು ನೀರಿಗಿಳಿಸಿ ತೊಳೆಯುವುದು ಕೂಡದು. ಅದರ ಎಣ್ಣೆ, ಗ್ರೀಸು ದನ ಕುಡಿಯುವ ನೀರಿಗೆ ಸೇರುತ್ತದೆ.

ತೆಪ್ಪವನ್ನು ಹೊತ್ತು ಒಯ್ಯಬೇಕು, ಎಳೆಯಬಾರದು. ಯಾದಗಿರಿಯ ದಂಡೆಗಳಲ್ಲಿ ಕಲ್ಲು ಹೇರಳ. ಎಳೆದರೆ ಫೈಬರಿನ ತಳ ಗೀರುಬಿದ್ದು ಒಳಗಿನ ನಾರು ಹೊರಬರುತ್ತದೆ. ಅಲ್ಲಿಂದ ನೀರು ಒಸರತೊಡಗುತ್ತದೆ. ಎಳೆದ ಜಾಗದ ಹುಲ್ಲು ಕಿತ್ತುಹೋಗಿ, ಮುಂದಿನ ಮಳೆಗೆ ಅದೇ ಜಾಡು ಕೊರಕಲಾಗುತ್ತದೆ. ಹಿಂದಿನವರು ತೆಪ್ಪವನ್ನು ಕೊಡೆಯಂತೆ ತಲೆ-ಬೆನ್ನುಗಳ ಮೇಲೆ ಹೊತ್ತು ನಡೆಯುತ್ತಿದ್ದುದು ಸುಮ್ಮನೆ ಅಲ್ಲ.

ಇಳಿಸುವವನಿಗಿಂತ ಏರುವವನಿಗೆ ಮೊದಲ ದಾರಿ. ರಾತ್ರಿಯೆಲ್ಲ ನೀರಿನ ಮೇಲಿದ್ದು ಮೀನಿನ ಭಾರದೊಡನೆ ದಡಕ್ಕೆ ಬರುತ್ತಿರುವವನು ದಣಿದಿರುತ್ತಾನೆ. ಬಿಸಿಲೇರುವ ಮುನ್ನ ಅವನ ಮೀನು ಸಂತೆಗೆ ತಲಪಬೇಕು. ರೋಗಿಯನ್ನೋ ಬಸುರಿಯನ್ನೋ ದಾಟಿಸುತ್ತಿರುವ ದೋಣಿಗೆ ಎಲ್ಲರಿಗಿಂತ ಮೊದಲ ದಾರಿ. ವಿಹಾರಕ್ಕೆ ಹೊರಟ ದೋಣಿಯ ಸರದಿ ಎಲ್ಲರಿಗಿಂತ ಕೊನೆಯದು.

ಭಾರದ ಲೆಕ್ಕ

ತೇಲುವ ವಸ್ತು ತನ್ನ ಭಾರದಷ್ಟೇ ಭಾರದ ನೀರನ್ನು ಪಕ್ಕಕ್ಕೆ ಸರಿಸುತ್ತದೆ ಎಂಬ ಆರ್ಕಿಮಿಡೀಸನ ಸೂತ್ರವನ್ನು ವಿದ್ಯಾರ್ಥಿಗಳು ಓದಿರುತ್ತಾರೆ. ಅದನ್ನು ತೆಪ್ಪಕ್ಕೆ ಅನ್ವಯಿಸಿ ನೋಡಬಹುದು. ತಳದ ಅಗಲ 2 ಮೀಟರ್ ಇರುವ ದುಂಡು ತೆಪ್ಪದ ತಳದ ವಿಸ್ತೀರ್ಣ ಸುಮಾರು 3.14 ಚದರ ಮೀಟರ್. 70 ಕಿಲೋ ತೂಕದ ಒಬ್ಬ ಹತ್ತಿದರೆ 70 ಲೀಟರ್ ನೀರು ಸರಿಯಬೇಕು. ಅದಕ್ಕಾಗಿ ತೆಪ್ಪ ಸುಮಾರು 2.2 ಸೆಂಟಿಮೀಟರ್ ಕೆಳಗಿಳಿಯುತ್ತದೆ. ಹತ್ತು ಜನ ಹತ್ತಿದರೆ 22 ಸೆಂಟಿಮೀಟರ್. ನೀರು ನಿಶ್ಚಲವಾಗಿದ್ದು, ಎಲ್ಲರೂ ಸಮನಾಗಿ ಹರಡಿ ಕುಳಿತಿದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಒಬ್ಬ ಎದ್ದು ನಿಂತರೆ, ಇಬ್ಬರು ಒಂದೇ ಅಂಚಿಗೆ ಸರಿದರೆ, ಆ ಅಂಚು ಇದಕ್ಕಿಂತ ಬಹಳ ಹೆಚ್ಚು ಬಾಗುತ್ತದೆ. ಅಂಚನ್ನು ದಾಟಿ ಒಮ್ಮೆ ಒಳಬಂದ ನೀರು ಬಾಗಿದ ಕಡೆಗೇ ಓಡಿ ಅದನ್ನು ಇನ್ನಷ್ಟು ಬಾಗಿಸುತ್ತದೆ. ದೋಣಿ ಮಗುಚುವುದು ಹೀಗೆ, ಕೆಲವೇ ಕ್ಷಣಗಳಲ್ಲಿ.

ಇದರಿಂದ ಹುಟ್ಟುವ ನಿಯಮಗಳು ಸರಳ. ಒಬ್ಬೊಬ್ಬರಾಗಿ ಹತ್ತಬೇಕು, ಹತ್ತುವಾಗ ದಂಡೆಯಲ್ಲಿ ಒಬ್ಬ ಅಂಚನ್ನು ಹಿಡಿದಿರಬೇಕು. ಮೊದಲ ಹೆಜ್ಜೆ ನಡುವಿಗೆ ಬೀಳಬೇಕು, ಅಂಚಿಗಲ್ಲ. ಹತ್ತಿದ ಕೂಡಲೇ ಕುಳಿತುಕೊಳ್ಳಬೇಕು. ಭಾರದ ಸಾಮಾನು ತಳದಲ್ಲಿ, ನಡುವೆ ಇರಬೇಕು. ಎಷ್ಟು ಜನ ಎಂಬುದನ್ನು ದೋಣಿಯವನು ದಂಡೆಯಲ್ಲಿಯೇ ನಿರ್ಧರಿಸಿ, ಒಮ್ಮೆ ಹೇಳಿದ ಸಂಖ್ಯೆಯಿಂದ ಕದಲಬಾರದು. ಚಿತ್ರ ತೆಗೆದುಕೊಳ್ಳಲು ಮೊಬೈಲ್ ಹಿಡಿದು ಎದ್ದು ನಿಲ್ಲುವವರನ್ನು ಮುಲಾಜಿಲ್ಲದೆ ಕೂರಿಸಬೇಕು.

ಈ ಸರಳ ಮಾತುಗಳನ್ನು ಮರೆತುದರ ಬೆಲೆ ದೊಡ್ಡದು. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಜಲಾಶಯದಲ್ಲಿ ಪ್ರವಾಸಿಗಳ ದೋಣಿ ಮಗುಚಿ 45 ಜನ ಸತ್ತರು. ದಂಡೆಯ ಕಾಡುಪ್ರಾಣಿಗಳನ್ನು ನೋಡಲು ಜನ ಒಂದೇ ಬದಿಗೆ ಸರಿದರೆಂದು ಆಗ ವರದಿಯಾಯಿತು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಪ್ರಾಣ ಕಳೆದುಕೊಂಡರು. 2024ರ ಜನವರಿ 18ರಂದು ಗುಜರಾತಿನ ವಡೋದರಾ ನಗರದ ಹರ್ಣಿ ಕೆರೆಯಲ್ಲಿ ಶಾಲಾ ಪ್ರವಾಸಕ್ಕೆ ಬಂದ 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ತೀರಿಕೊಂಡರು; ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಲಾಗಿತ್ತು, ಎಲ್ಲರಿಗೂ ಜೀವರಕ್ಷಕ ಜಾಕೆಟ್ ಇರಲಿಲ್ಲ. ಹರ್ಣಿಯದು ಸಮುದ್ರವಲ್ಲ, ಪ್ರವಾಹದ ನದಿಯೂ ಅಲ್ಲ. ಊರೊಳಗಿನ ನಿಂತ ನೀರಿನ ಕೆರೆ. ಹತ್ತಿಕುಣಿಗೆ ಪ್ರವಾಸ ಬರುವ ಶಾಲೆಗಳು ಇದನ್ನು ಮರೆಯಬಾರದು.

ಆದ್ದರಿಂದ ತಲೆಗೊಂದು ಜಾಕೆಟ್ ಇಲ್ಲದೆ ಮಕ್ಕಳನ್ನು ಹತ್ತಿಸಕೂಡದು. ಜಾಕೆಟ್ಟನ್ನು ತೆಪ್ಪದ ತಳದಲ್ಲಿ ಹಾಸಿ ಅದರ ಮೇಲೆ ಕೂರುವುದರಿಂದ ಪ್ರಯೋಜನವಿಲ್ಲ. ದಂಡೆಯಲ್ಲಿಯೇ ತೊಟ್ಟು ಪಟ್ಟಿ ಬಿಗಿದಿರಬೇಕು. ಬಾಯಿ ಭದ್ರವಾಗಿ ಮುಚ್ಚಿದ 5 ಲೀಟರಿನ ಖಾಲಿ ಕ್ಯಾನಿಗೆ ಸುಮಾರು 5 ಕಿಲೋ ಎತ್ತಿಹಿಡಿಯುವ ಶಕ್ತಿಯಿದೆ. ಅಂಥ ಕ್ಯಾನಿಗೆ ಹತ್ತು ಮೀಟರ್ ಹಗ್ಗ ಕಟ್ಟಿ ತೆಪ್ಪದಲ್ಲಿಟ್ಟರೆ ಬಿದ್ದವನ ಕಡೆಗೆ ಎಸೆಯಬಹುದು. ಇದು ಜಾಕೆಟ್ಟಿಗೆ ಬದಲಿಯಲ್ಲ, ಜೊತೆಗಿರಬೇಕಾದ ಸಾಧನ. ಮಗುಚಿದ ತೆಪ್ಪ ತೇಲುತ್ತಿದ್ದರೆ ಅದನ್ನೇ ಹಿಡಿದು ಕಾಯಬೇಕು. ದೂರದ ದಂಡೆಗೆ ಈಜಲು ಹೋಗಿ ದಣಿಯಬಾರದು. ಹೊಸ ಫೈಬರ್ ತೆಪ್ಪ ನೀರು ತುಂಬಿದಾಗ ತೇಲುತ್ತದೆಯೋ ಮುಳುಗುತ್ತದೆಯೋ ಎಂಬುದನ್ನು ಕೊಂಡ ವಾರದಲ್ಲೇ, ಮೊಣಕಾಲುದ್ದ ನೀರಿನಲ್ಲಿ, ಪರೀಕ್ಷಿಸಿ ತಿಳಿದಿರಬೇಕು.

ನೀರಿನ ಮೇಲೆ

ದಂಡೆ ಬಿಟ್ಟ ಮೇಲೆಯೂ ನೀರು ಒಬ್ಬನದಲ್ಲ. ಸಂಜೆ ಹಾಕಿ ಬೆಳಗ್ಗೆ ಎತ್ತುವ ಬಲೆಗಳು ನೀರಿನೊಳಗೆ ಗೋಡೆಯಂತೆ ನಿಂತಿರುತ್ತವೆ. ಅವುಗಳ ಗುರುತು ಮೇಲೆ ಸಾಲಾಗಿ ತೇಲುವ ಬೆಂಡು ಇಲ್ಲವೆ ಖಾಲಿ ಬಾಟಲಿಗಳು. ಆ ಸಾಲನ್ನು ಅಡ್ಡಹಾಯದೆ ಸುತ್ತಿ ಹೋಗಬೇಕು. ಹುಟ್ಟಿಗೆ ಸಿಕ್ಕಿ ಹರಿದ ಬಲೆ ಒಂದು ಮನೆಯ ತಿಂಗಳ ಗಳಿಕೆಯಾಗಿರಬಹುದು. ಅಪ್ಪಿತಪ್ಪಿ ಹರಿದರೆ ಕತ್ತಲಲ್ಲಿ ಸರಿದುಹೋಗದೆ, ಬಲೆಯವನನ್ನು ಹುಡುಕಿ ಹೇಳುವುದು ದೋಣಿಯವನ ಮಾನ. ಕಡಿದು ಬಿದ್ದ ನೈಲಾನ್ ಬಲೆಯ ತುಂಡು ವರ್ಷಗಟ್ಟಲೆ ನೀರಿನಲ್ಲಿದ್ದು ಮೀನು, ಆಮೆ, ನೀರುಹಕ್ಕಿಗಳನ್ನು ಕೊಲ್ಲುತ್ತಲೇ ಇರುತ್ತದೆ. ಕಂಡಲ್ಲಿ ಎತ್ತಿ ದಡಕ್ಕೆ ತರಬೇಕು.

ದುಂಡು ತೆಪ್ಪಕ್ಕೆ ನೀರನ್ನು ಸೀಳಿ ನಿಲ್ಲುವ ತಳದ ಏಣಿಲ್ಲ. ಗಾಳಿ ಅದನ್ನು ಎಲೆಯಂತೆ ತಳ್ಳುತ್ತದೆ. ಮುಂಗಾರಿನಲ್ಲಿ ಪಶ್ಚಿಮ ದಿಕ್ಕಿನ ಗಾಳಿ ಬಲವಾಗಿರುತ್ತದೆ. ಬಯಲಾದ ಜಲಾಶಯದಲ್ಲಿ ಗಾಳಿ ಹಾಯುವ ದೂರ ಹೆಚ್ಚಿದಷ್ಟೂ ಅಲೆ ಎತ್ತರವಾಗುತ್ತದೆ. ಹೋಗುವಾಗ ಗಾಳಿಗೆದುರಾಗಿ, ಬರುವಾಗ ಗಾಳಿಯೊಡನೆ ಎಂಬುದು ಒಳ್ಳೆಯ ಪದ್ಧತಿ. ಇದಕ್ಕೆ ವಿರುದ್ಧವಾಗಿ ಹೊರಟವನು ದೂರ ಹೋದ ಮೇಲೆ ಹಿಂತಿರುಗಲಾರದೆ ಒದ್ದಾಡುತ್ತಾನೆ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಯಲ್ಲಿ ಮೊದಲ ಗುಡುಗಿಗೇ ದಡ ಸೇರಬೇಕು. ಬಯಲು ನೀರಿನ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ತೆಪ್ಪದಲ್ಲಿರುವ ಮನುಷ್ಯನೇ. ತೂಬು ತೆರೆದಾಗ ಮೇಲೆ ಶಾಂತವಾಗಿ ಕಾಣುವ ನೀರು ಅಡಿಯಲ್ಲಿ ಸೆಳೆಯುತ್ತಿರುತ್ತದೆ. ಕೋಡಿ ಬಿದ್ದಾಗಲಂತೂ ಆ ದಿಕ್ಕಿಗೆ ಮುಖ ಮಾಡಲೇಬಾರದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಅವು ಬಿಸಿಲು ಕಾಯುವ ಮರಳ ದಿಬ್ಬಗಳಿಗೆ ತೆಪ್ಪ ತಾಗಿಸಬಾರದು, ಕೈಯನ್ನು ನೀರಿನಲ್ಲಿ ಇಳಿಬಿಟ್ಟು ಕೂರಬಾರದು.

ಹಕ್ಕಿಗಳ ಮಾತನ್ನೂ ಇಲ್ಲಿ ಹೇಳಬೇಕು. ಸುರಪುರ ತಾಲ್ಲೂಕಿನ ಬೋನಾಳ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಅದನ್ನು ಅಭಿವೃದ್ಧಿಪಡಿಸಿದ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳೂ ಅಲ್ಲಿ ಇಳಿಯುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿಗೆ ವಿಶ್ರಾಂತಿ ಬೇಕು, ಮೇವು ಬೇಕು. ದೋಣಿಯೊಂದು ಹತ್ತಿರ ಬಂದಾಗಲೆಲ್ಲ ಹಿಂಡು ಮೇಲೇಳಬೇಕಾದರೆ ಮೇವಿನಿಂದ ಗಳಿಸಿದ ಶಕ್ತಿ ರೆಕ್ಕೆ ಬಡಿಯುವುದರಲ್ಲೇ ಮುಗಿಯುತ್ತದೆ. ಬೇಸಿಗೆಯಲ್ಲಿ ನೀರಿಳಿದಾಗ ತೋರುವ ನಡುಗಡ್ಡೆಗಳ ಬರಿನೆಲದ ಮೇಲೆ ನದಿ ರೀವ ಮುಂತಾದ ಹಕ್ಕಿಗಳು ಮೊಟ್ಟೆಯಿಡುತ್ತವೆ. ತಾಯಿ ಎದ್ದುಹೋದರೆ ಸುಡುಬಿಸಿಲಿಗೆ ಮೊಟ್ಟೆ ಕೆಲವೇ ನಿಮಿಷಗಳಲ್ಲಿ ಕೆಡಬಹುದು. ಹಕ್ಕಿ ತಲೆಯೆತ್ತಿ ನೋಡತೊಡಗಿದರೆ ಅದೇ ಎಲ್ಲೆ. ಅಲ್ಲಿಂದಲೇ ಹುಟ್ಟು ತಿರುಗಿಸಬೇಕು.

ಮರಳಿದ ಮೇಲೆ

ಒಂದು ಕೆರೆಯ ದೋಣಿ ಮತ್ತೊಂದು ಕೆರೆಗೆ ಹೋಗುವುದು ಈಗ ಸುಲಭ. ಹಗುರವಾದ ಫೈಬರ್ ತೆಪ್ಪ ಇಂದು ಹತ್ತಿಕುಣಿಯಲ್ಲಿದ್ದರೆ ನಾಳೆ ಭೀಮೆಯಲ್ಲಿರಬಹುದು. ತೆಪ್ಪದೊಡನೆ ಬೇರೆ ಏನೇನು ಪ್ರಯಾಣ ಮಾಡುತ್ತದೆ ಎಂಬುದನ್ನು ಗಮನಿಸಬೇಕು. ದಕ್ಷಿಣ ಅಮೆರಿಕದಿಂದ ಬಂದು ಭಾರತದ ಕೆರೆಗಳನ್ನು ಮುಚ್ಚಿರುವ, ನೇರಳೆ ಹೂವಿನ ಜಲಕಳೆ ಒಂದು ತುಂಡಿನಿಂದಲೇ ಹೊಸ ಗಿಡವಾಗುತ್ತದೆ. ಅನುಕೂಲವಿದ್ದರೆ ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗುತ್ತದೆ. ಬಲೆಯ ಕಣ್ಣಿಗೆ ಸಿಕ್ಕಿಕೊಂಡ ಬೆರಳುದ್ದದ ಕಡ್ಡಿ ಸಾಕು, ಸ್ವಚ್ಛವಾಗಿದ್ದ ಗುಡ್ಡದ ಕೆರೆ ಕೆಲವು ವರ್ಷಗಳಲ್ಲಿ ಹಸಿರು ಚಾಪೆಯಾಗಲು. ಆಮೇಲೆ ತೆಪ್ಪಕ್ಕೆ ದಾರಿಯಿಲ್ಲ, ಮೀನಿಗೆ ಗಾಳಿಯಿಲ್ಲ.

ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ 1988ರಲ್ಲಿ ಜೀಬ್ರಾ ಮಸ್ಸೆಲ್ ಎಂಬ ಉಗುರಿನಷ್ಟು ಚಿಕ್ಕ ಚಿಪ್ಪುಜೀವಿ ಕಾಣಿಸಿಕೊಂಡಿತು. ಹಡಗುಗಳು ತುಂಬಿ ತಂದ ನೀರಿನೊಡನೆ ಬಂದ ಆ ಜೀವಿ, ಗಾಡಿಗಳ ಮೇಲೆ ಊರೂರಿಗೆ ಸಾಗುವ ಸಣ್ಣ ದೋಣಿಗಳಿಗೆ ಅಂಟಿಕೊಂಡು ಒಳನಾಡಿನ ಕೆರೆಗಳಿಗೂ ಹರಡಿ, ನೀರಿನ ಕೊಳವೆಗಳನ್ನೇ ಮುಚ್ಚಿಹಾಕಿತು. ಅಲ್ಲಿನ ದೋಣಿ ಒಡೆಯರಿಗೆ ಈಗ ಮೂರು ಮಾತುಗಳನ್ನು ಕಲಿಸಲಾಗುತ್ತದೆ: ತೊಳೆಯಿರಿ, ಬಸಿಯಿರಿ, ಒಣಗಿಸಿರಿ. ಯಾದಗಿರಿಯ ಬಿಸಿಲಿನಲ್ಲಿ ಮೂರನೆಯ ಕೆಲಸಕ್ಕೆ ಖರ್ಚೇ ಇಲ್ಲ. ತೆಪ್ಪದ ಕಳೆ-ಕೆಸರುಗಳನ್ನು ದಂಡೆಯ ಮೇಲೆಯೇ ತೆಗೆದು, ತಳದ ನೀರನ್ನು ಅದೇ ಕೆರೆಯ ದಡದಲ್ಲಿ ಚೆಲ್ಲಿ, ಬೋರಲು ಹಾಕಿ ಪೂರ್ಣ ಒಣಗಿದ ಮೇಲೆಯೇ ಬೇರೆ ನೀರಿಗೆ ಒಯ್ಯಬೇಕು. ಬಲೆಗೂ ಇದೇ ನಿಯಮ.

ಒಂದು ನೀರಿನ ಜೀವಂತ ಮೀನನ್ನು ಮತ್ತೊಂದು ನೀರಿಗೆ ಬಿಡುವುದೂ ಸಲ್ಲದು. ಸರ್ಕಾರ ನಿಷೇಧಿಸಿರುವ ಆಫ್ರಿಕನ್ ಕ್ಯಾಟ್‌ಫಿಶ್ ಒಮ್ಮೆ ಹೊಕ್ಕರೆ ಸ್ಥಳೀಯ ಮೀನುಮರಿಗಳಿಗೆ ಉಳಿಗಾಲವಿಲ್ಲ. ಗುಟ್ಕಾ ಚೀಟಿ, ಬಾಟಲಿ, ಊಟದ ಪ್ಲಾಸ್ಟಿಕ್ ತಟ್ಟೆ ಇವು ತೆಪ್ಪದಲ್ಲಿ ಹೋದಷ್ಟೇ ಸಂಖ್ಯೆಯಲ್ಲಿ ತೆಪ್ಪದಲ್ಲಿಯೇ ಮರಳಬೇಕು.

ಒಲ್ಲೆನೆನ್ನುವ ಧೈರ್ಯ

ಇಲ್ಲಿಯವರೆಗೆ ಹೇಳಿದ್ದೆಲ್ಲ ದೋಣಿಯನ್ನು ಹೇಗೆ ಇಳಿಸಬೇಕೆಂಬ ಮಾತು. ಎಲ್ಲಕ್ಕಿಂತ ಕಠಿಣವಾದದ್ದು ಯಾವಾಗ ಇಳಿಸಬಾರದೆಂಬ ಮಾತು.

ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿ ಕೃಷ್ಣಾ ನದಿಯ ನಡುವಿನ ಊರು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಗಡ್ಡಿಯ ಹಾದಿ ಕಡಿದುಹೋಗುವುದನ್ನು ಆ ಊರಿನವರು ವರ್ಷವರ್ಷವೂ ಅನುಭವಿಸಿದರು. 2013ರ ಜುಲೈ ಕೊನೆಯಲ್ಲಿ ನದಿ ತುಂಬಿ ಹರಿಯುತ್ತಿದ್ದಾಗ ಅಲ್ಲಿನ ತುಂಬು ಗರ್ಭಿಣಿಯೊಬ್ಬರು ಹೆರಿಗೆಗೆ ಆಸ್ಪತ್ರೆಯ ಆಸರೆ ಬೇಕೆಂದು, ಒಣಗಿದ ಸೋರೆ-ಕುಂಬಳದ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯ ಗಂಡಸರ ಕಾವಲಿನಲ್ಲಿ ಪ್ರವಾಹವನ್ನು ಈಜಿ ದಾಟಿದರು. ಆ ಸೆಳವಿಗೆ ತೆಪ್ಪ ಇಳಿಸುವಂತಿರಲಿಲ್ಲ. ದೇಶ-ವಿದೇಶಗಳ ಪತ್ರಿಕೆಗಳು ಆ ತಾಯಿಯ ಧೈರ್ಯವನ್ನು ಹೊಗಳಿದವು. ಹೊಗಳಿಕೆ ನ್ಯಾಯವಾದದ್ದೇ. ಆದರೆ ಆ ಘಟನೆಯಲ್ಲಿ ದೋಣಿಯವರಿಗೂ ಆಡಳಿತಕ್ಕೂ ಬೇರೆ ಬೇರೆ ಪಾಠಗಳಿವೆ.

ಪ್ರವಾಹದಲ್ಲಿ ತೆಪ್ಪ ಇಳಿಸದ ಅಂಬಿಗ ಹೇಡಿಯಲ್ಲ. ಅವನು ತನ್ನ ಕಸುಬನ್ನು ಬಲ್ಲವನು. ಒಬ್ಬರನ್ನು ದಾಟಿಸಲು ಹೋಗಿ ಐವರನ್ನು ಕಳೆದುಕೊಳ್ಳುವುದು ಸೇವೆಯಲ್ಲ. "ಹಣ ಎಷ್ಟಾದರೂ ಕೊಡ್ತೀವಿ, ದಾಟಸರಿ" ಎಂದು ದಂಡೆಯಲ್ಲಿ ನಿಂತು ಒತ್ತಾಯಿಸುವವರ ಮುಂದೆ "ಆಗಂಗಿಲ್ರೀ" ಎನ್ನಲು ಹುಟ್ಟು ಹಾಕುವುದಕ್ಕಿಂತ ಹೆಚ್ಚಿನ ಬಲ ಬೇಕು. ಹಾಗೆಂದವನನ್ನು ಊರು ಬೈಯಬಾರದು. ಅವನ ಬೆನ್ನಿಗೆ ನಿಲ್ಲಬೇಕು. ಹೊಸದಾಗಿ ದೋಣಿ ಕೊಂಡವನಿಗೆ ಇದು ಇನ್ನೂ ಕಷ್ಟ. ಕೊಂಡ ಸಾಲ ತಲೆಯ ಮೇಲಿರುತ್ತದೆ. ತನ್ನ ಸಾಮರ್ಥ್ಯ ತೋರಿಸುವ ಹುಮ್ಮಸ್ಸೂ ಇರುತ್ತದೆ. ಹಳಬರು ತೆಪ್ಪ ಬೋರಲು ಹಾಕಿ ಕುಳಿತ ದಿನ ಹೊಸಬನೂ ಹಾಕಬೇಕು. ಕಾರಣ ಆಮೇಲೆ ಕೇಳಿ ತಿಳಿಯಬಹುದು.

ಇನ್ನು ಆಡಳಿತದ ಪಾಠ. ದೋಣಿಯವನು ಒಲ್ಲೆನೆಂದ ದಿನ ಬಸುರಿಗೂ ರೋಗಿಗೂ ಬೇರೆ ದಾರಿ ಇರಲೇಬೇಕು. ಗಟ್ಟಿಯಾದ ಸೇತುವೆ, ದಿನ ಹತ್ತಿರವಾದ ಗರ್ಭಿಣಿಯರನ್ನು ನೀರು ಏರುವ ಮುನ್ನವೇ ಆಸ್ಪತ್ರೆಯ ಸಮೀಪಕ್ಕೆ ತಲಪಿಸುವ ವ್ಯವಸ್ಥೆ, ನೀರು ಬಿಡುವ ಮುನ್ನ ಡಂಗುರ ಹಾಗೂ ಮೊಬೈಲುಗಳ ಮೂಲಕ ಕೊನೆಯ ಮನೆಗೂ ಮುಟ್ಟುವ ಎಚ್ಚರಿಕೆ ಇವು ಅನುಗ್ರಹವಲ್ಲ, ನದಿಪಾತ್ರದ ಜನರ ಹಕ್ಕು. ದಾರಿಯಿಲ್ಲದೆ ಹೆಣ್ಣೊಬ್ಬಳು ಪ್ರವಾಹಕ್ಕೆ ಧುಮುಕಬೇ­ಕಾದರೆ ಅದನ್ನು ಸಾಹಸವೆಂದು ಕೊಂಡಾಡಿ ಮರೆಯುವುದು ತಕ್ಕುದಲ್ಲ.

ಊರು ಮಾಡಬೇಕಾದ ಕೆಲಸ

ಈ ನಡವಳಿಕೆಗಳು ಒಬ್ಬೊಬ್ಬರ ಸದ್ಬುದ್ಧಿಯನ್ನೇ ನಂಬಿ ನಿಲ್ಲಲಾರವು. ಪ್ರತಿ ಊರಿನ ಗ್ರಾಮಸಭೆಯಲ್ಲಿ ಮೀನುಗಾರರು, ದನಗಾಹಿಗಳು, ಬಟ್ಟೆ ಒಗೆಯುವ ಹೆಣ್ಣುಮಕ್ಕಳು, ಶಾಲೆಯ ಶಿಕ್ಷಕರು ಒಟ್ಟಿಗೆ ಕುಳಿತು ದಂಡೆಯ ಒಪ್ಪಂದವೊಂದನ್ನು ಮಾಡಿಕೊಳ್ಳಬಹುದು. ಯಾವ ಹೊತ್ತಿನಲ್ಲಿ ಯಾರಿಗೆ ದಂಡೆ, ಒಂದು ತೆಪ್ಪಕ್ಕೆ ಎಷ್ಟು ಜನ, ಯಾವ ಕಡೆ ಹೋಗಕೂಡದು, ಯಾವ ದಿನ ಇಳಿಸಕೂಡದು ಎಂಬುದನ್ನು ಫಲಕದ ಮೇಲೆ ಬರೆದು ನೀರಂಚಿನಲ್ಲಿ ನಿಲ್ಲಿಸಬಹುದು. ಹೈಸ್ಕೂಲಿನ ವಿದ್ಯಾರ್ಥಿಗಳು ಊರಿನ ಪ್ರತಿ ತೆಪ್ಪದ ತಳದ ಅಗಲವನ್ನು ಅಳೆದು, ಮೇಲೆ ಹೇಳಿದ ಲೆಕ್ಕವನ್ನು ಮಾಡಿ, ಎಷ್ಟು ಭಾರಕ್ಕೆ ಎಷ್ಟು ಇಳಿಯುತ್ತದೆಂದು ಒಡೆಯನಿಗೆ ತಿಳಿಸಬಹುದು. ಅಂಚಿನಿಂದ ಒಂದು ಗೇಣು ಕೆಳಗೆ ಕೆಂಪು ಗೆರೆ ಎಳೆದು, ಆ ಗೆರೆ ನೀರಿಗೆ ಮುಟ್ಟಿದರೆ ಒಬ್ಬರನ್ನು ಇಳಿಸುವ ಪದ್ಧತಿ ಬಂದರೆ ಓದು ಬಾರದವರಿಗೂ ಮಿತಿ ಕಣ್ಣಿಗೆ ಕಾಣುತ್ತದೆ.

ಗುಡ್ಡದ ಮೇಲಿನ ಊರಿನವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಬಾರದು. ಗುಡ್ಡದ ಗಿಡ ಕಡಿದರೆ, ಮೊರಡಿ ಅಗೆದು ಮಣ್ಣು ಸಡಿಲಿಸಿದರೆ, ಮಳೆಗೆ ಕೊಚ್ಚಿಬಂದ ಮಣ್ಣು ಹಳ್ಳ ಹಿಡಿದು ಜಲಾಶಯಕ್ಕೇ ಇಳಿಯುತ್ತದೆ. ಹೂಳು ತುಂಬಿದಂತೆ ದಂಡೆ ಹಿಂದೆ ಸರಿಯುತ್ತದೆ. ತೆಪ್ಪ ಹೊರುವ ದೂರ ಹೆಚ್ಚುತ್ತದೆ. ದನ ಕೆಸರಿನಲ್ಲಿ ಹೂಳುತ್ತವೆ. ಬೇಸಿಗೆಯ ನೀರು ಬೇಗ ಬತ್ತುತ್ತದೆ. ದೋಣಿಯ ಒಡೆಯ ದಂಡೆಯ ಮರ್ಯಾದೆ ಕಾಯಬೇಕಾದರೆ ಗುಡ್ಡದವನು ಗುಡ್ಡದ ಮರ್ಯಾದೆ ಕಾಯಬೇಕು.

ಹೊಸ ತೆಪ್ಪವನ್ನು ನೀರಿಗಿಳಿಸುವ ದಿನ ಅರಿಸಿನ-ಕುಂಕುಮ ಹಚ್ಚಿ, ಕಾಯಿ ಒಡೆದು ಗಂಗೆಗೆ ಕೈಮುಗಿಯುವ ಪದ್ಧತಿ ಇನ್ನೂ ಉಳಿದಿದೆ. ಆ ಕೈಮುಗಿತಕ್ಕೆ ಅರ್ಥ ಬರಬೇಕಾದರೆ ಒಡೆದ ಕಾಯಿಯ ಜುಟ್ಟನ್ನೂ ಪ್ಲಾಸ್ಟಿಕ್ ಚೀಲವನ್ನೂ ಎತ್ತಿಕೊಂಡು ಬರಬೇಕು, ಪಕ್ಕದಲ್ಲಿ ಬಟ್ಟೆ ಒಗೆಯುತ್ತಿರುವ ತಾಯಿಗೆ ದಾರಿ ಬಿಡಬೇಕು, ದಡಕ್ಕೆ ಬರುತ್ತಿರುವ ಹಿರಿಯನ ತೆಪ್ಪದ ಅಂಚನ್ನು ಹಿಡಿದು ನಿಲ್ಲಿಸಬೇಕು. ಅಷ್ಟು ಮಾಡಿದವನನ್ನು ದಂಡೆ ತನ್ನವನೆಂದು ಒಪ್ಪಿಕೊಳ್ಳುತ್ತದೆ.